ಕರಾರಿನ ಏಳನೆಯ ಕಲಮು

ನಮ್ಮವರಿಗೆ ಎಂಥ ಕಲ್ಲನ್ನಾದರೂ ಬಗ್ಗಿಸಲು ಬರುತ್ತದೆ, ಸಾಹೇಬರ ಮುಂದೆ ನಿಂತರೆ ಮಾತ್ರ ಬಾಯಿ ಒಣಗುತ್ತದೆ. ಗಂಡನ ಹೆಸರು ನಾನು ಹೇಳುವವಳಲ್ಲ. ಕರಾರುಪತ್ರದಲ್ಲಿ ‘ಗುತ್ತಿಗೆದಾರ ಮುರಿಗೆಪ್ಪ’ ಎಂದಿದೆ, ಓದಿಕೊಳ್ಳಿ. ಅದನ್ನು ಬರೆದವಳು ನಾನು, ಶಿವಗಂಗವ್ವ. ಮಠದಲ್ಲಿ ಅಕ್ಷರ ಕಲಿತದ್ದು ರೊಟ್ಟಿ ಬಡಿಯಲಿಕ್ಕಲ್ಲ!

ಮೂವತ್ತಾರನೆಯ ಇಸವಿ. ನಾಗನೂರ ಹಳ್ಳಕ್ಕೆ ಜಿಲ್ಲಾ ಬೋರ್ಡಿನವರ ಸೇತುವೆ ಕಟ್ಟುತ್ತಿದ್ದೆವು. ತೊಂಬತ್ತು ದಿನದ ಮುದ್ದತ್ತು. ಮೀರಿದರೆ ಕರಾರು ರದ್ದು, ಕೆಲಸ ಬೇರೆಯವರ ಪಾಲು, ನಮ್ಮವರು ಮತ್ತೆಂದೂ ಬೋರ್ಡಿಗೆ ಟೆಂಡರ್ ಹಾಕುವಂತಿಲ್ಲ. ತೊಂಬತ್ತೆಂಟನೆಯ ದಿನ ಬೆಳಿಗ್ಗೆ ಬೋರ್ಡಿನ ಓವರ್‌ಸಿಯರ್ ರದ್ದತಿಯ ನೋಟೀಸು ಕೊಟ್ಟು ಹೋದ. ಕಮಾನು ನಿಂತಿತ್ತು, ಮೇಲಿನ ಕಟ್ಟೆಯ ನಾಲ್ಕು ದಿನದ ಕೆಲಸ ಮಾತ್ರ ಉಳಿದಿತ್ತು.

“ಇಪ್ಪತ್ತ ವರ್ಸದ ಹೆಸರು ಹೋತು,” ಎಂದು ನಮ್ಮವರು ಕುಸಿದು ಕೂತರು.

ನನಗೆ ಸಿಟ್ಟು ನೆತ್ತಿಗೇರಿತು. “ನಾವ ಬರದ ಕರಾರು ನೀವ ಮರತೀರೇನ್ರಿ? ಏಳ್ರಿ, ದೊಡ್ಡ ಸಾಹೇಬರ ಕಡೆ ಹೋಗೂಣು.”

ಇಂಜಿನಿಯರ್ ಸಾಹೇಬರು ಘಟಪ್ರಭಾದ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದರು. ಅಂದು ಸೋಮವಾರ. ಎತ್ತು ಅಂದರೆ ನಮಗೆ ಬಸವಣ್ಣ, ಸೋಮವಾರ ಅದರ ಹೆಗಲಿಗೆ ನೊಗ ಇಡುವುದಿಲ್ಲ. ಬಿಸಿಲಲ್ಲಿ ನಡೆದೇ ಹೋದೆವು. ಓವರ್‌ಸಿಯರ್ ಆಗಲೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಎಂಟ ದಿನ ಮೀರೇತಿ, ಸಾಹೇಬ್ರ,” ಎಂದ.

“ಏಳನೇ ಕಲಮು ಓದ್ರಿ,” ಎಂದೆ ನಾನು.

ಸಾಹೇಬರು ಓದಿದರು: ‘ಸುಣ್ಣ ಅರೆಯುವ ಗಾಣಕ್ಕೆ ಎತ್ತು ಹೂಡದ ದಿನವನ್ನು ಮುದ್ದತ್ತಿನಲ್ಲಿ ಹಿಡಿಯತಕ್ಕದ್ದಲ್ಲ.’

ಇದಕ್ಕೆ ರುಜು ಹಾಕುವಾಗ ಓವರ್‌ಸಿಯರ್ ನಕ್ಕಿದ್ದ. ಎತ್ತಿಗೆ ಜಡ್ಡು ಬಂದರೆ ಎಂದು ಬರೆದಿದ್ದಾಳೆ ಪಾಪ, ಅಂದುಕೊಂಡಿದ್ದನಂತೆ. ಪರವೂರಿನವ, ನಮ್ಮ ಸೋಮವಾರ ಅವನಿಗೇನು ಗೊತ್ತು!

“ತೊಂಬತ್ತೆಂಟ ದಿನದಾಗ ಹದಿನಾಕ ಸೋಮವಾರ ಬಂದಾವ್ರಿ,” ಎಂದೆ. “ಉಳಿದದ್ದು ಎಂಬತ್ನಾಕ. ಇನ್ನೂ ಆರ ದಿನ ನಮ್ಮವ.”

ಓವರ್‌ಸಿಯರ್ ಎದ್ದು ನಿಂತ. “ಪ್ರತಿ ಸೋಮವಾರ ಗಾಣ ನಿಂತಿತ್ತು ಅನ್ನಾಕ ಸಾಕ್ಷಿ ಯಾರು? ನಿಮ್ಮ ಆಳಿನ ಮಾತು ನಡ್ಯಾಂಗಿಲ್ಲ.”

“ಆಳ ಯಾಕ ಬೇಕ್ರಿ? ನೀವ ಅದೀರಲ್ಲ!”

ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದೆ. ಹಿಂದಿನ ತಿಂಗಳು ಓವರ್‌ಸಿಯರ್ ನಮ್ಮ ಮೇಲೆ ಮಾಡಿದ ದೂರು ಅದು. ಜವಾಬು ಕೊಡಿ ಎಂದು ಸಾಹೇಬರೇ ಅದರ ನಕಲು ಕಳಿಸಿದ್ದರು. ನಾನೇ ಓದಿ ಹೇಳಿದೆ: ‘ಗುತ್ತಿಗೆದಾರ ಬಲು ಉದ್ಧಟ. ಪ್ರತಿ ಸೋಮವಾರ ಇವರ ಎತ್ತುಗಳು ಕೊಟ್ಟಿಗೆಯಲ್ಲೇ ಇರುತ್ತವೆ. ಗಾಣವೂ ಇಲ್ಲ, ಗಾಡಿಯೂ ಇಲ್ಲ. ನಾನು ಸ್ಟೇಷನ್ನಿಗೆ ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು.’

ಸಾಹೇಬರು ಮೀಸೆ ಮರೆಯಲ್ಲಿ ನಕ್ಕರು. ಓವರ್‌ಸಿಯರನ ಮುಖ ಹುಳ್ಳಗಾಯಿತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ, ನನಗೆ ಅಂದು ಎದುರಾಳಿಯ ಬಾಯಿಯೇ ಸಾಕಾಯಿತು.

ನೋಟೀಸಿನ ಮೇಲೆ ಅಡ್ಡಗೆರೆ ಎಳೆದು ಸಾಹೇಬರು ಕೇಳಿದರು: “ಈ ಕಲಮು ಯಾವ ವಕೀಲರು ಬರದದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಒಂದು ಹೆಜ್ಜೆ ಮುಂದೆ ಬಂದರು.

“ವಕೀಲ ಅಲ್ರಿ. ನನ್ನ ಹೇಣ್ತಿ, ಶಿವಗಂಗವ್ವ.”

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಅಷ್ಟು ಮಾತಾಡಿದ ನನಗೆ, ಅಲ್ಲಿ ನಿಂತಲ್ಲೇ ಬಾಯಿ ಒಣಗಿತು.