ಪೂಜೆಯಾದ ಸೈಕಲ್

ಕ್ರೇನಿನ ಸರಪಳಿಯನ್ನು ಕೊನೆಯ ಲೇತಿನ ಸೊಂಟಕ್ಕೆ ಬಿಗಿಯುವಾಗ ಮುನಿಕೃಷ್ಣ ಬಾಳೆಹಣ್ಣು ತಿನ್ನುತ್ತಿದ್ದ. ಬುಧವಾರ ಹನ್ನೊಂದು ಗಂಟೆಗೆ ಎರಡು ಬಾಳೆಹಣ್ಣು ಎಂದು ಅವನೇ ಹಾಳೆಯಲ್ಲಿ ಬರೆದುಕೊಂಡಿದ್ದ. ಇಪ್ಪತ್ತೆರಡು ವರ್ಷ ತಾನು ಓಡಿಸಿದ ಯಂತ್ರ ಕಣ್ಣೆದುರೇ ಲಾರಿ ಹತ್ತುತ್ತಿದೆ ಎಂಬ ಕಾರಣಕ್ಕೆ ಹಾಳೆಯಲ್ಲಿ ಬರೆದದ್ದು ಬದಲಾಗುವುದಿಲ್ಲವಲ್ಲ. ಲೇತು ಒಂದಡಿ ಮೇಲೆದ್ದು ತೂಗಾಡಿತು. ಅದು ನಿಂತಿದ್ದ ಜಾಗದಲ್ಲಿ ಎಣ್ಣೆ ಕುಡಿದು ಕಪ್ಪಾದ ಒಂದು ಚೌಕ ಮಾತ್ರ ಉಳಿಯಿತು.

"ಹಣ್ಣು ಗಂಟಲಾಗ ಇಳೀತೈತೇನ್ರೀ ಅಣ್ಣಾ?" ಎಂದ ಪಕ್ಕದಲ್ಲಿ ನಿಂತಿದ್ದ ಕೊಟ್ರಪ್ಪ. ಹದಿನೆಂಟು ವರ್ಷದಿಂದ ಅಲ್ಲಿನ ಯಂತ್ರಗಳ ರಿಪೇರಿ ನೋಡಿಕೊಂಡು ಬಂದವನು ಅವನು. ಊರು ಬಳ್ಳಾರಿ ಕಡೆಯದು.

"ಇಳೀಲೇಬೇಕು ಕಣೋ. ರೇಸಿಗೆ ಇನ್ನು ನಾಲ್ಕೇ ದಿನ ಇರೋದು."

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಆ ಶೆಡ್ಡಿನಲ್ಲಿ ಪ್ರತಿ ಕೆಲಸಕ್ಕೂ, ಯಾವುದಾದ ಮೇಲೆ ಯಾವುದು ಎಂದು ಬರೆದ, ಒಂದು ಪ್ರೋಸೆಸ್ ಶೀಟ್ ಇರುತ್ತಿತ್ತು. ಆಪರೇಷನ್ ಹತ್ತು, ಇಪ್ಪತ್ತು, ಮೂವತ್ತು ಎಂದು ಅದರ ಸಾಲುಗಳು. ಮಧ್ಯೆ ಏನಾದರೂ ಸೇರಿಸಬೇಕಾಗಿ ಬಂದರೆ ಜಾಗ ಇರಲಿ ಎಂದು ಹತ್ತು ಹತ್ತರ ಅಂತರ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಇದು ಹುಟ್ಟುಗುಣವಲ್ಲ, ಪೀಣ್ಯದಲ್ಲಿ ಅಂಟಿದ ಗುಣ, ಆದರೂ ಹೋಗಲಿಲ್ಲ. ಉಳಿದುಹೋದ ಒಂದು ಖಾಲಿ ಶೀಟಿನಲ್ಲೇ ಅವನು ರೇಸಿನ ವಾರವನ್ನೆಲ್ಲ ಬರೆದಿದ್ದ. ಆಪರೇಷನ್ ಹತ್ತು, ಸೋಮವಾರ, ಅರ್ಧ ಗಂಟೆ ಈಜು. ಇಪ್ಪತ್ತು, ಮಂಗಳವಾರ, ಸೈಕಲ್ ಒಂದು ಗಂಟೆ, ಉಸಿರು ಕಟ್ಟದ ಹಾಗೆ. ಗುರುವಾರ ಪೂರ್ತಿ ವಿಶ್ರಾಂತಿ. ಕೊನೆಗೆ ಆಪರೇಷನ್ ಎಪ್ಪತ್ತು, ಭಾನುವಾರ: ಈಜು ಮೂರೂಮುಕ್ಕಾಲು ಕಿಲೋಮೀಟರು, ಸೈಕಲ್ ನೂರೆಂಬತ್ತು, ಓಟ ನಲವತ್ತೆರಡು. ಒಂದರ ಬೆನ್ನಿಗೆ ಒಂದು, ಒಂದೇ ದಿನ. ಶೀಟಿನ ತಳದಲ್ಲಿ, ಷರಾ ಬರೆಯುವ ಕಡೆ, ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದ ಮಾತು: 'ಹೊಸದು ಏನೂ ಬೇಡ.'

ಅದು ಮಾಲೀಕ ವಿಶ್ವನಾಥ್ ಹೇಳಿಕೊಟ್ಟ ಪಾಠ. ರೇಸಿನ ವಾರದಲ್ಲಿ ಹೊಸ ಷೂ ಹಾಕಬಾರದು, ಹೊಸ ತಿಂಡಿ ತಿನ್ನಬಾರದು, ಸೈಕಲ್ಲಿನ ಒಂದು ಸ್ಕ್ರೂ ಕೂಡ ಮುಟ್ಟಬಾರದು. ಒಂದು ಕಾಲಕ್ಕೆ ಅವರೂ ಇಂಥ ರೇಸುಗಳಲ್ಲಿ ಓಡಿದವರೇ. ಬೆನ್ನು ಹಿಡಿದ ಮೇಲೆ ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ತಮ್ಮ ರೇಸಿನ ಸೈಕಲ್ಲನ್ನು ಮುನಿಕೃಷ್ಣನಿಗೆ ಕೊಟ್ಟಿದ್ದರು. ಈಗ ಆರ್ಡರು ನಿಂತು ಶೆಡ್ಡನ್ನೇ ಮುಚ್ಚುತ್ತಿದ್ದರು.

ನಲವತ್ತಾರು ವರ್ಷದ ಗಂಡಸಿಗೆ ಈ ಹುಚ್ಚು ಯಾಕೆ ಎಂದು ಹೆಂಡತಿ ಆಶಾರಾಣಿ ಕೇಳದ ದಿನವಿರಲಿಲ್ಲ. ಅವಳಿಗೆ ಅವನು ಒಮ್ಮೆ ಮಾತ್ರ ಸರಿಯಾಗಿ ಉತ್ತರ ಕೊಟ್ಟಿದ್ದ. "ನಾನು ಮಾಡಿದ್ದೆಲ್ಲ ಬರೀ ಬುಷ್ಷು, ಪಿನ್ನು ಕಣೇ. ಲಕ್ಷಾಂತರ ಮಾಡಿದೀನಿ. ಅವು ಯಾವ ಮಿಷಿನ್ನಿಗೆ ಹೋದ್ವೋ, ಆ ಮಿಷಿನ್ನು ಹೆಂಗಿತ್ತೋ, ಒಂದ್ಸಲನೂ ನೋಡ್ಲಿಲ್ಲ. ಒಂದನ್ನಾದ್ರೂ ಶುರುವಿಂದ ಕೊನೇವರ್ಗೂ ನಾನೇ ಮುಗಿಸ್ಬೇಕು." ಆಶಾರಾಣಿ ಗಾರ್ಮೆಂಟಿನಲ್ಲಿ ಹದಿನಾಲ್ಕು ವರ್ಷದಿಂದ ಕಾಲರು ಹೊಲಿಯುವವಳು, ಬರೀ ಕಾಲರು. ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ಶೀಟು ಅವಳ ಬಳಿಯೇ ಇತ್ತು. ಒಂದೊಂದು ಆಪರೇಷನ್ ಮುಗಿದಾಗಲೂ ಅವಳೇ ಟಿಕ್ ಹಾಕುತ್ತಿದ್ದಳು.

ಮುಂದಿನ ವರ್ಷ ಎಂಬುದೂ ಅವನಿಗಿರಲಿಲ್ಲ. ಲೇತಿನ ಮುಂದೆ ನಿಂತೂ ನಿಂತೂ ಬಲ ಮೊಣಕಾಲು ಸವೆದಿತ್ತು. "ಇದೊಂದು ಓಡ್ಕೊಳಿ, ಆಮೇಲೆ ಬಸ್ಸು ಹಿಡಿಯೋಕೂ ಓಡ್ಬೇಡಿ" ಎಂದಿದ್ದರು ಡಾಕ್ಟರು.

ಶುಕ್ರವಾರ ಆಯುಧಪೂಜೆ. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಪ್ರತಿ ವರ್ಷ ಹಿಂದಿನ ದಿನ ಯಂತ್ರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಎಣ್ಣೆ ಬಿಟ್ಟು ಸಜ್ಜು ಮಾಡುತ್ತಿದ್ದರು. ಈ ಸಲ ತೊಳೆಯಲು ಯಂತ್ರವೇ ಇರಲಿಲ್ಲ. ಉಳಿದಿದ್ದದ್ದು ಗಾಳಿ ಹೊಡೆಯುವ ಒಂದು ಕಂಪ್ರೆಸರು, ಅದನ್ನೂ ಸೋಮವಾರ ಒಯ್ಯುವವರಿದ್ದರು. "ಸೈಕಲ್ಲು ಇಲ್ಲೇ ಬಿಟ್ಟು ಹೋಗ್ರಿ ಅಣ್ಣಾ, ಹೂವು ಏರಸ್ತೀವಿ" ಎಂದು ಕೊಟ್ರಪ್ಪ ಬುಧವಾರವೇ ಕೇಳಿಕೊಂಡಿದ್ದ. ಹೂವು ತಾನೇ ಎಂದು ಮುನಿಕೃಷ್ಣ ಬಿಟ್ಟು ಹೋಗಿದ್ದ.

ಶುಕ್ರವಾರ ಬೆಳಿಗ್ಗೆ ಅವನು ತಲೆಗೆ ನೀರು ಹಾಕಿಕೊಂಡು ಬಂದು ನೋಡಿದರೆ, ಖಾಲಿ ಶೆಡ್ಡಿನ ನಡುವೆ, ತನ್ನ ಲೇತಿನ ಆ ಕಪ್ಪು ಚೌಕದ ಮೇಲೆಯೇ ಸೈಕಲ್ಲು ನಿಂತಿತ್ತು. ಎರಡು ಕಡೆ ಬಾಳೆಕಂದು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಸೀಟಿಗೆ ವಿಭೂತಿ, ಕುಂಕುಮ. ಏಳು ಜನ ಕೆಲಸಗಾರರೂ ಒಗೆದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಸೈಕಲ್ಲಂತೂ ಅಂಗಡಿಯಲ್ಲಿ ಕೂಡ ಹಾಗೆ ಹೊಳೆದಿರಲಿಕ್ಕಿಲ್ಲ.

"ಕನ್ನಡಿ ಆಗೇತಿ ನೋಡ್ರಿ. ಒಂದು ಹನಿ ಜಿಡ್ಡು ಬಿಟ್ಟಿಲ್ಲ" ಎಂದ ಕೊಟ್ರಪ್ಪ. "ನಿನ್ನಿ ಇಡೀ ದಿನ ನಾನೂ ಸಿದ್ರಾಮನೂ ಕುಂತು ತೊಳದೀವಿ. ಸೀಮೆಎಣ್ಣಿ ಬಿಟ್ಟು, ಏರ್‌ಗನ್ ಹಿಡದು ಗಾಳಿ ಹೊಡದು, ಸಂದಿಗೊಂದಿ ಎಲ್ಲಾ."

ಮುನಿಕೃಷ್ಣ ಚಕ್ರದ ಕಡೆ ಬಗ್ಗಿದ. "ಚಕ್ರದ ನಡುವೆ? ಬೇರಿಂಗಿಗೂ ಹಿಡಿದ್ಯಾ?"

"ಹಿಡೀದ ಬಿಡ್ತೀನೇನ್ರೀ? ಒಳಗಿಂದ ಕರೀ ಗ್ರೀಸು ಬಂತು, ಏನ್ ಹೊಲಸು ಅಂತೀರಿ! ಪೂರಾ ತಗದೀನಿ."

ಲೇತಿಗೆ ಎಣ್ಣೆ ಬಿಡುವ ತೂತುಗಳು ಹೊರಗೇ ಇರುತ್ತವೆ. ತೊಳೆದರೂ ಮತ್ತೆ ಬಿಡಬಹುದು. ಈ ಸೈಕಲ್ಲಿನ ಗ್ರೀಸು ಚಕ್ರದೊಳಗೆ ಒಮ್ಮೆ ತುಂಬಿ ಮುಚ್ಚಿದ್ದು, ಅದಿದ್ದರೇ ಚಕ್ರ ತಿರುಗುವುದು. ಅದು ಹೋಗಿದ್ದಲ್ಲದೆ, ಕಂಪ್ರೆಸರಿನ ಗಾಳಿಯ ಜೊತೆ ಪೈಪಿನಲ್ಲಿ ಕೂತಿದ್ದ ಕಬ್ಬಿಣದ ಧೂಳು ಬೇರೆ ಒಳಗೆ ಸೇರಿರುತ್ತದೆ. ಮುನಿಕೃಷ್ಣನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವನು ಚಕ್ರ ತಿರುಗಿಸಿ ನೋಡಲು ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಏಳು ಜನವೂ ಒಟ್ಟಿಗೆ ಕೂಗಿದರು. ಕುಂಕುಮ ಇಟ್ಟು ಪೂಜೆಗೆ ಕೂರಿಸಿದ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಆ ನಿಯಮವನ್ನು ಇಪ್ಪತ್ತೆರಡು ವರ್ಷ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವನು ಅವನೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿದವನು ಹಗೆಯಾದರೆ ಬೈದು ಹಗುರಾಗಬಹುದು. ಮುನಿಕೃಷ್ಣ ಆ ಏಳು ಮುಖಗಳನ್ನು ನೋಡಿದ. ಸೋಮವಾರದಿಂದ ಅವರಲ್ಲಿ ಒಬ್ಬನಿಗೂ ಕೆಲಸವಿರಲಿಲ್ಲ. ತೊಳೆಯಲು, ಒರೆಸಲು, ಕೈಮುಗಿಯಲು ಅವರಿಗೆ ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಸೈಕಲ್ಲೊಂದೇ.

"ಸಕ್ಕತ್ತಾಗಿದೆ ಕಣ್ರೋ" ಎಂದ. ವಿಶ್ವನಾಥ್ ಯಾರ ಮುಖವನ್ನೂ ನೋಡದೆ ಬೂದುಗುಂಬಳ ಒಡೆದರು. ಕಡಲೆಪುರಿ ಹಂಚಿದರು.

ಶನಿವಾರ ಬೆಳಿಗ್ಗೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಉರುಳಿಸಿ, ಲಗೇಜ್ ಆಟೋಗೆ ಏರಿಸಿ, ರೇಸು ನಡೆಯುವ ಮಾಗಡಿ ಕಡೆಯ ಕೆರೆಯಂಗಳಕ್ಕೆ ಬರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಮೂರರೊಳಗೆ ಸೈಕಲ್ಲನ್ನು ರೇಸಿನವರ ವಶಕ್ಕೆ ಒಪ್ಪಿಸಬೇಕು. ಮುನಿಕೃಷ್ಣ ಕೊಟ್ರಪ್ಪನನ್ನು ಟೀ ತರಲು ಕಳಿಸಿ, ಹಿಂದಿನ ಚಕ್ರ ಎತ್ತಿ ತಿರುಗಿಸಿದ. ಅಕ್ಕಿಯ ಜೊತೆ ಕಲ್ಲು ಬಿದ್ದ ಮಿಕ್ಸಿಯ ಹಾಗೆ ಸದ್ದು ಬಂತು. ರಿಪೇರಿಯ ಟೆಂಟಿನಲ್ಲಿದ್ದವನು ಕಿವಿಗೊಟ್ಟು ಕೇಳಿ ತಲೆಯಾಡಿಸಿದ.

"ಬಿಚ್ಚಿ ಗ್ರೀಸ್ ತುಂಬ್ಬೇಕು ಸಾರ್. ಇದು ಹಳೇ ಟೈಪು, ಇದಕ್ಕೆ ತೆಳೂದು ಸ್ಪ್ಯಾನರ್ ಬೇಕು, ನನ್ ಹತ್ರ ಇಲ್ಲ. ಇವತ್ತು ಹಬ್ಬ, ಯಾವ ಅಂಗಡಿನೂ ತೆಗ್ದಿರಲ್ಲ."

ದಪ್ಪ ಸ್ಪ್ಯಾನರನ್ನು ಉಜ್ಜಿ ತೆಳ್ಳಗೆ ಮಾಡಲು ಮುನಿಕೃಷ್ಣನಿಗೆ ಹತ್ತು ನಿಮಿಷದ ಕೆಲಸ. ಉಜ್ಜುವ ಗ್ರೈಂಡರು ಸೋಮವಾರವೇ ಲಾರಿ ಹತ್ತಿ ಹೋಗಿತ್ತು.

"ಅಂಚಿಂದ ಒಂದೆರಡು ಹನಿ ಎಣ್ಣೆ ಬಿಡ್ತೀನಿ. ನೂರು ಕಿಲೋಮೀಟ್ರು ಹೋಗ್ಬೋದು. ನೂರೆಂಬತ್ತು ಅಂದ್ರೆ..." ಟೆಂಟಿನವನು ಬಗ್ಗಿ ಎಣ್ಣೆ ಬಿಟ್ಟ. ಅಷ್ಟರಲ್ಲಿ ಕೊಟ್ರಪ್ಪ ಟೀ ಹಿಡಿದು ಬರುತ್ತಿದ್ದ. ಮುನಿಕೃಷ್ಣ ಚಕ್ರವನ್ನು ನೆಲಕ್ಕಿಳಿಸಿದ.

ಭಾನುವಾರ ಆರು ಗಂಟೆಗೆ ಕೆರೆಗಿಳಿದ. ಈಜು ಅವನಿಗೆ ಕಷ್ಟವಲ್ಲ. ಹೊಲದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತ ಕೈ. ಶೀಟಿನಲ್ಲಿ ಬರೆದ ಹೊತ್ತಿಗಿಂತ ಆರು ನಿಮಿಷ ಮುಂಚೆಯೇ ಎದ್ದು ಬಂದ. ಸೈಕಲ್ಲು ಮೂವತ್ತು ಕಿಲೋಮೀಟರಿನ ಆರು ಸುತ್ತು. ಸಂಜೆ ನಾಲ್ಕೂವರೆಯೊಳಗೆ ಮುಗಿಸದವರನ್ನು ಓಟಕ್ಕೆ ಬಿಡುವುದಿಲ್ಲ. ಸುತ್ತು ತಿರುಗುವಲ್ಲಿ ಹುಣಸೆಮರದ ಕೆಳಗೆ ಆಶಾರಾಣಿ ಶೀಟು ಹಿಡಿದು ಕೂತಿದ್ದಳು. ಸುತ್ತಲೂ ಏಳು ಜನ. ಹಬ್ಬದ ಅಂಗಿಗಳನ್ನೇ ಮತ್ತೆ ತೊಟ್ಟಿದ್ದರು.

ಮೊದಲ ಮೂರು ಸುತ್ತು ಚಕ್ರ ಸುಮ್ಮನಿತ್ತು. ಆಸೆಯೆಂಬುದಕ್ಕೆ ಮಾನ ಮರ್ಯಾದೆ ಇಲ್ಲ; ಆ ಎರಡು ಹನಿ ಎಣ್ಣೆಯೇ ಸಾಕಾಗುತ್ತದೇನೋ ಎಂದುಕೊಂಡ. ನಾಲ್ಕನೆಯ ಸುತ್ತಿನಲ್ಲಿ ಸೀಟಿನ ಕೆಳಗಿಂದ ಒಂದು ಗೊರಗೊರ ಶುರುವಾಯಿತು. ಐದರಲ್ಲಿ ಇಳಿಜಾರಿನಲ್ಲೂ ತುಳಿಯಬೇಕಾಯಿತು. ಹುಣಸೆಮರ ಹತ್ತಿರವಾದಾಗಲೆಲ್ಲ ಅವನು ಹಲ್ಲು ಕಚ್ಚಿ ಜೋರಾಗಿ ತುಳಿದು, ಕೈಬೀಸಿ, ನಕ್ಕು ದಾಟುತ್ತಿದ್ದ. "ಹೊಡೀರಿ ಅಣ್ಣಾ, ಹೊಡೀರಿ!" ಎಂಬ ಏಳು ಗಂಟಲುಗಳ ಕೂಗಿನಲ್ಲಿ ಚಕ್ರದ ಸದ್ದು ಯಾರಿಗೂ ಕೇಳಿಸಲಿಲ್ಲ. ಅಥವಾ ಹಾಗೆಂದು ಅವನು ನಂಬಿದ.

ಆರನೆಯ ಸುತ್ತಿನಲ್ಲಿ, ಇನ್ನು ಆರು ಕಿಲೋಮೀಟರು ಇರುವಾಗ, ಚಕ್ರ ಕಟಕ್ಕೆಂದು ಕಚ್ಚಿಕೊಂಡಿತು. ಗಂಟೆ ಮೂರು ಮೂವತ್ತೈದು. ಎರಡು ಸಲ ಒದ್ದ, ಅಲ್ಲಾಡಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೋ ಹೊತ್ತುಕೊಂಡೋ ಬರಲು ಅಡ್ಡಿಯಿಲ್ಲ ಎಂದು ನಿಯಮದಲ್ಲಿತ್ತು. ಪೆಡಲಿಗೆ ಸಿಕ್ಕಿಸುವ ಆ ಷೂಗಳಲ್ಲಿ ನಡೆಯಲೂ ಆಗದು, ಬಿಚ್ಚಿ ಕೊರಳಿಗೆ ಹಾಕಿಕೊಂಡ. ಸೈಕಲ್ಲನ್ನು ಹೆಗಲಿಗೇರಿಸಿ ಕಾಲುಚೀಲದಲ್ಲೇ ಡಾಂಬರಿನ ಮೇಲೆ ಓಡಿದ. ನಲವತ್ತೆರಡು ಕಿಲೋಮೀಟರಿಗೆಂದು ಎರಡು ವರ್ಷ ಕೂಡಿಟ್ಟ ಮೊಣಕಾಲು ಆ ಆರರಲ್ಲೇ ಖರ್ಚಾಗುತ್ತಿರುವುದು ಹೆಜ್ಜೆಹೆಜ್ಜೆಗೂ ತಿಳಿಯುತ್ತಿತ್ತು. ಆದರೂ ಓಡಿದ. ಅಳುತ್ತಿದ್ದ. ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು, "ಯಾಕಪ್ಪಾ, ಕೆಟ್ಟೋಯ್ತಾ?" ಎಂದಳು.

ಗೆರೆ ಮುಟ್ಟಿದಾಗ ನಾಲ್ಕು ನಲವತ್ತೊಂದು. ಬಿಂದುಶ್ರೀ ಎಂದು ಎದೆಯ ಮೇಲೆ ಹೆಸರಿನ ಚೀಟಿ ತೂಗಿಸಿಕೊಂಡಿದ್ದ ಹುಡುಗಿ ಮಂಡಿಯೂರಿ ಕೂತು, ಅವನ ಕಣಕಾಲಿನಿಂದ ಸಮಯ ಅಳೆಯುವ ಪಟ್ಟಿಯನ್ನು ಬಿಚ್ಚಿಕೊಂಡಳು. "ಸಾರಿ ಅಂಕಲ್. ಹನ್ನೊಂದೇ ನಿಮಿಷ" ಎಂದಳು. ಅವಳಿಗೂ ಬೇಜಾರಾದಂತಿತ್ತು.

ಏಳು ಜನ ಓಡಿ ಬಂದು, ಹತ್ತಿರ ಬಂದಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತರು. "ಏನಾತ್ರೀ ಅಣ್ಣಾ?" ಎಂದ ಕೊಟ್ರಪ್ಪ.

"ಮೊಣಕಾಲು ಕೈಕೊಡ್ತು ಕಣೋ" ಎಂದ ಮುನಿಕೃಷ್ಣ. "ತುಳಿಯೋಕೇ ಆಗ್ಲಿಲ್ಲ. ಅದಕ್ಕೇ ಹೊತ್ಕೊಂಡ್ ಬಂದೆ."

ಮೊಣಕಾಲು ಕೆಟ್ಟವನು ಸೈಕಲ್ಲು ಹೊತ್ತು ಆರು ಕಿಲೋಮೀಟರು ಓಡುವುದು ಹೇಗೆಂದು ಯಾರೂ ಕೇಳಲಿಲ್ಲ. ಆಶಾರಾಣಿ ಅವನ ಕಾಲುಚೀಲಗಳನ್ನು ನೋಡಿದಳು. ಅಂಗಾಲಿನ ಕಡೆ ಬಟ್ಟೆಯೇ ಉಳಿದಿರಲಿಲ್ಲ. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಶೀಟನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗಿಟ್ಟಳು. "ಬನ್ನಿ, ಮೊಸರನ್ನ ತಂದಿದೀನಿ" ಎಂದಳು.

ಸೈಕಲ್ಲನ್ನು ಲಗೇಜ್ ಆಟೋಗೆ ಏರಿಸಿದವನು ಕೊಟ್ರಪ್ಪ. ಹಿಂದೆ ನಿಂತು ಸೀಟು ಹಿಡಿದು ಎತ್ತುವಾಗ, ರಿಪೇರಿಯವರ ಕೈ ಸುಮ್ಮನಿರುವುದಿಲ್ಲವಲ್ಲ, ಹಿಂದಿನ ಚಕ್ರವನ್ನು ಬೆರಳಿನಿಂದ ಒಮ್ಮೆ ನೂಕಿದ. ಮತ್ತೊಮ್ಮೆ ನೂಕಿದ. ಆಮೇಲೆ ಬಗ್ಗಿ, ಚಕ್ರದ ನಡುವೆ ತೋರುಬೆರಳಿಟ್ಟು, ಅಲ್ಲಿಂದ ಬಂದ ಕೆಂಪು ಪುಡಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದ. ಅದು ಕುಂಕುಮವೋ ತುಕ್ಕೋ ಎಂದು ತಿಳಿಯದ ಕೈಯಲ್ಲ ಅದು.

ಎಲ್ಲರೂ ಹಿಂದೆ ಹತ್ತಿ ಕೂತರು. ಮಾಗಡಿ ರಸ್ತೆಯ ಉಬ್ಬುಗಳಿಗೆ ಆಟೋ ಎಗರಿದಾಗಲೆಲ್ಲ ಮುಂದಿನ ಚಕ್ರ ತನ್ನಷ್ಟಕ್ಕೆ ಗೊರಗೊರ ತಿರುಗುತ್ತಿತ್ತು. ಕೊಟ್ರಪ್ಪನ ಜೊತೆ ಕೂತು ಸೈಕಲ್ಲು ತೊಳೆದಿದ್ದ ಸಿದ್ರಾಮ ಅದನ್ನು ನೋಡಿದ, ಹಿಂದಿನದನ್ನು ನೋಡಿದ.

"ಯಣ್ಣಾ, ಆ ಗಾಲಿ ಯಾಕ ತಿರಗವಲ್ದು?"

"ನಾ ಹಿಡ್ಕೊಂಡೀನಲೇ" ಎಂದ ಕೊಟ್ರಪ್ಪ.

ಎದುರಿಗೆ ಕಾಲು ಚಾಚಿ ಕೂತಿದ್ದ ಮುನಿಕೃಷ್ಣ ಅವನ ಮುಖ ನೋಡಿದ. ಕೊಟ್ರಪ್ಪ ರಸ್ತೆಯ ಕಡೆಗೆ ತಿರುಗಿಕೊಂಡ. ಪೀಣ್ಯ ಬರುವವರೆಗೂ ಅವನು ಆ ಚಕ್ರವನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದೇ ಕೂತಿದ್ದ.