ಸೂರಿನ ನೀರು ಬೀಳುತ್ತಿದ್ದ ಜಾಗ

ನಿಮ್ಮೂರಿನ ಹೊಸ ಚರ್ಚು ಹೇಗಿದೆ ಅನ್ನಾಬಾಯಿ ಎಂದು ಹಳಿಯಾಳದ ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಎತ್ತರದ ಗೋಪುರ, ಬಣ್ಣದ ಗಾಜು, ಮುಖ ಕಾಣುವಂಥ ಟೈಲ್ಸು. ಬೆಂಕಿ ಹತ್ತಲಿ ಆ ಟೈಲ್ಸಿಗೆ!

ನಮ್ಮ ಸಿದ್ದಿಗಳ ಹಳ್ಳಿಯಲ್ಲಿ ಚರ್ಚು ಶುರುವಾದದ್ದು ನನ್ನ ಮಾವನ ಮನೆಯ ಪಡಸಾಲೆಯಲ್ಲಿ. ಗೋಡೆಗೊಂದು ಶಿಲುಬೆ, ಕೆಳಗೆ ಚಾಪೆ, ಅಷ್ಟೇ. ಜನ ಹೆಚ್ಚಾದಾಗ ಅಂಗಳದಾಚೆ ಹುಲ್ಲಿನ ಚಪ್ಪರ ಹಾಕಿದರು. ಆಮೇಲೆ ಮಣ್ಣು ತುಳಿದು ಗೋಡೆ ಎಬ್ಬಿಸಿ ಹಂಚು ಹೊದಿಸಿದರು. ನಾನು ಸೊಸೆಯಾಗಿ ಬಂದಾಗ ಇದ್ದದ್ದು ಆ ಮಣ್ಣಿನ ಚರ್ಚು. ಹಬ್ಬ ಬಂತೆಂದರೆ ಹೆಂಗಸರೆಲ್ಲ ಹಾಡುತ್ತ ಅದರ ನೆಲಕ್ಕೆ ಸೆಗಣಿ ಸಾರಿಸುತ್ತಿದ್ದೆವು.

ನನ್ನ ಚೊಚ್ಚಲ ಕೂಸು ಹುಟ್ಟಿದ ದಿನವೇ ಹೋಯಿತು. ಗಂಡು. ಹೆಸರಿಡಲೂ ಪುರಸೊತ್ತು ಕೊಡಲಿಲ್ಲ. ಫಾದರ್ ನೆತ್ತಿಗೆ ನೀರೆರೆದು ಜ್ಞಾನಸ್ನಾನ ಮಾಡಿಸದ ಕೂಸನ್ನು ಸ್ಮಶಾನದಲ್ಲಿ ಹೂಳುವಂತಿಲ್ಲ ಎಂದು ಊರ ಹಿರಿಯರು ತಲೆಯಾಡಿಸಿದರು. ನನ್ನ ಅತ್ತೆ ಮಾತ್ರ ಜಗ್ಗಲಿಲ್ಲ.

“ಚರ್ಚಿನ ಸೂರಿನ ಕೆಳಗ ಇಡೂಣು. ಹಂಚಿನ ಮ್ಯಾಲಿಂದ ಬೀಳೂ ನೀರು ದೇವರ ಮನಿ ಮುಟ್ಟಿ ಬರ್ತೈತಿ. ಮಳಿ ಬಂದಾಗೊಮ್ಮೆ ಕೂಸಿಗೆ ಜ್ಞಾನಸ್ನಾನ ಆಗ್ಲಿ,” ಎಂದರು.

ಹಾಗೆಯೇ ಮಾಡಿದೆವು. ಇಂಥ ಕೂಸುಗಳಿಗೆ ನಮ್ಮಲ್ಲಿ ಕಲ್ಲು ನೆಡುವುದಿಲ್ಲ, ಶಿಲುಬೆಯನ್ನೂ ಇಡುವುದಿಲ್ಲ. ಹಿಂದಿನ ಕಿಟಕಿಯ ನೇರಕ್ಕೆ ಮಲಗಿಸಿದ್ದೆವು, ಅದೊಂದೇ ಗುರುತು. ಮಳೆಗಾಲದಲ್ಲಿ ಅಲ್ಲಿ ನಿಂತು ನೀರು ಬೀಳುವುದನ್ನು ನೋಡುತ್ತಿದ್ದೆ. ನನಗೆ ಇನ್ನೊಂದು ಕೂಸು ಆಗಲಿಲ್ಲ.

ಹೊಸ ಕಟ್ಟಡದ ಮಾತು ಬಂದಾಗ ಗಂಡ ಮಿಂಗೇಲನಿಗೆ ಹೇಳಿದೆ: “ಹಿಂದಿನ ಕಿಟಕಿ ಕೆಡವೂಕಿಂತ ಮೊದ್ಲ ನನ್ನ ಕರೀರಿ. ಕೂಸಿನ್ನ ತಗದು ಬ್ಯಾರೆ ಕಡೆ ಇಡೂಣು.”

“ಆತು,” ಎಂದ.

ಅಷ್ಟರಲ್ಲಿ ತಂಗಿ ಲೀನಾಳ ಬಾಣಂತನಕ್ಕೆಂದು ಮುಂಡಗೋಡದ ಕಡೆ ಹೋಗಬೇಕಾಯಿತು. ತಿರುಗಿ ಬಂದರೆ ಕಿಟಕಿಯೂ ಇಲ್ಲ, ಗೋಡೆಯೂ ಇಲ್ಲ. ಜೆಸಿಬಿ ನೆಲವನ್ನೆಲ್ಲ ಒಂದು ಮಾಡಿತ್ತು. ಮೊದಲಿಗಿಂತ ಎಷ್ಟೋ ಅಗಲಕ್ಕೆ ಹೊಸ ಬುನಾದಿ ಎದ್ದಿತ್ತು.

ಮಿಂಗೇಲ ನಗುತ್ತ ಎದುರು ಬಂದ. “ಅಳಬ್ಯಾಡ ಅನ್ನಾ. ನಮ್ಮ ಕೂಸು ಇನ್ನ ಮ್ಯಾಲೆ ಹೊರಗಿಲ್ಲ, ಚರ್ಚಿನೊಳಗ ಐತಿ. ನಾನ ಹೇಳಿ ಗ್ವಾಡಿ ಆಚಿಗಿ ಸರಿಸೇನಿ. ಇಷ್ಟು ವರ್ಷ ಮಳ್ಯಾಗ ತೋಯ್ತು, ಪಾಪ. ನೀ ಬಂದು ನೋಡಿದ್ರ ಖುಷಿ ಪಡ್ತಿ ಅಂದ್ಕೊಂಡಿದ್ನಿ.”

ಹುಚ್ಚಪ್ಪ! ಪ್ರೀತಿಯಿಂದಲೇ ಮಾಡಿದ್ದ.

ಬಿಷಪ್ಪರು ಬಂದು ಹೊಸ ಗೋಡೆಗಳಿಗೆ ಪವಿತ್ರ ನೀರು ಚಿಮುಕಿಸಿದರು. ಊರೆಲ್ಲ ಊಟಕ್ಕೆ ಹೋದ ಮೇಲೆ ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ: “ಎಲ್ಲಿ ಅದಾನ, ತೋರಸ್ರಿ.”

ಮಿಂಗೇಲ ಬಲಗಡೆಯ ಬೆಂಚಿನ ಕೆಳಗೆ ಕೈ ತೋರಿಸಿದ. ಅಲ್ಲ ಎಂದು ಕಂಬದ ಹತ್ತಿರ ಹೋದ. ಅಲ್ಲೂ ನಿಂತು ಆಚೀಚೆ ನೋಡಿದ. ಕೊನೆಗೆ ಎಲ್ಲರೂ ನಡೆದುಹೋಗುವ ನಡುದಾರಿಗೆ ಬಂದು ನಿಂತ.

“ಇಲ್ಲೇ ಎಲ್ಲೋ, ಅನ್ನಾ,” ಎಂದ.

ಭಾನುವಾರ ಗಂಟೆ ಹೊಡೆದಾಗ ಹೊಸ್ತಿಲಾಚೆಯೇ ನಿಲ್ಲುವ ನನಗೆ ಫಾದರ್ ಒಳಗೆ ಬಾ ಎನ್ನುತ್ತಾರೆ. ಗಂಡ ಕೈಮುಗಿಯುತ್ತಾನೆ. ದೇವರ ಮೇಲೆ ಇದೆಂಥ ಸಿಟ್ಟು ಎಂದು ಊರವರು ಗುಸುಗುಸು ಮಾಡುತ್ತಾರೆ. ಸಿಟ್ಟಲ್ಲರೀ. ನನಗೂ ಒಳಗೆ ಹೋಗಬೇಕು. ಆದರೆ ಕಾಲು ಎಲ್ಲಿಡಲಿ, ಅದನ್ನಾದರೂ ಯಾರಾದರೂ ಹೇಳಿ.