ನಲವತ್ತೊಂದನೇ ಸೀಸೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಂಗಿ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದಳು. ಹೇಳಲಿ. ಅದೇ ಮೂಗನ್ನು ನಂಬಿಕೊಂಡಲ್ಲವೇ ಅವಳು ಅಂಗಡಿ ನಡೆಸಿದ್ದು! ಹೊಸ ಶಾಂಪೂ ಬರಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಬರಲಿ, ಮೊದಲು ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ನಾನು ಬೇಡ ಎಂದರೆ ಅದು ವಾಪಸ್. ಪರವಾಗಿಲ್ಲ ಎಂದರೆ ಮಾತ್ರ ಅದರ ಮೇಲೆ ಮೊಲದ ಮುದ್ರೆ ಬೀಳುತ್ತಿತ್ತು. ಈ ಸಾಮಾನು ತಯಾರಿಸಲು ಯಾವ ಪ್ರಾಣಿಗೂ ಹಿಂಸೆ ಕೊಟ್ಟಿಲ್ಲ ಎಂದು ಆ ಮುದ್ರೆಯ ಅರ್ಥ. ರಬ್ಬರಿನಲ್ಲಿ ತಾನೇ ಕೊರೆದುಕೊಂಡದ್ದು, ನೋಡಿದರೆ ಮೊಲಕ್ಕಿಂತ ಕತ್ತೆಯೇ ಜ್ಞಾಪಕಕ್ಕೆ ಬರುತ್ತಿತ್ತು.

ಮೂಸಿದರೆ ನನಗೆ ಹೇಗೆ ಗೊತ್ತಾಗುತ್ತದೆ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ ಎಂದು ಹನ್ನೊಂದು ವರ್ಷದಿಂದ ನಂಬಿಸಿದ್ದೆ. ಸೋಪು, ಸೋಡಾಗಳ ನಡುವೆ ಬದುಕುವವಳ ಮೂಗು ಚುರುಕಾಗಿರುತ್ತದೆ ಎಂದು ಅವಳೇ ಒಂದು ಕಾರಣ ಕಟ್ಟಿಕೊಂಡಿದ್ದಳು. ನಿಜ ಹೇಳಬೇಕೆಂದರೆ ನಾನು ಮೊಲ ಹಿಡಿಯುವವಳು.

ಕಂಪನಿಗಳ ಸೋಪು, ಶಾಂಪೂಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಕೊಡುವ ಲ್ಯಾಬು, ಅದರ ಕಿಟಕಿಯಿಲ್ಲದ ಮೂರನೇ ಮಹಡಿ. ಸಾಲು ಸಾಲು ಗೂಡುಗಳಲ್ಲಿ ಬಿಳಿ ಮೊಲಗಳು. ಒಂದೊಂದನ್ನೇ ತೆಗೆದು ಕುತ್ತಿಗೆಯ ಹಿಂದಿನ ಚರ್ಮವನ್ನು ಬಿಗಿಯಾಗಿ ಹಿಡಿದು, ಮೈಯನ್ನು ಕಂಕುಳಲ್ಲಿ ಅವುಚಿಕೊಂಡು, ಕೆಳರೆಪ್ಪೆಯನ್ನು ಬಟ್ಟಲಿನ ಹಾಗೆ ಎಳೆಯಬೇಕು. ಡಾಕ್ಟರು ಅದರೊಳಗೆ ಸ್ಯಾಂಪಲ್ ಬಿಡುತ್ತಾರೆ. ರೆಪ್ಪೆಗಳನ್ನು ಒಂದು ಸೆಕೆಂಡು ಮುಚ್ಚಿ ಹಿಡಿಯಬೇಕು. ಯಾವಾಗಲೂ ಒಂದೇ ಕಣ್ಣಿಗೆ. ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಡುತ್ತಾರೆ. ಆಮೇಲೆ ಗಂಟೆ ನೋಡಿಕೊಂಡು ಕಣ್ಣನ್ನು ದೀಪಕ್ಕೆ ತಿರುಗಿಸಿ, ಕೆಂಪಿಗೆ ಎಷ್ಟು ಅಂಕ, ಊತಕ್ಕೆ ಎಷ್ಟು ಎಂದು ನಾನು ಕೂಗಿದರೆ, ಪಕ್ಕದಲ್ಲಿ ನಿಂತವಳು ಬರೆದುಕೊಳ್ಳುತ್ತಾಳೆ. ಎಲ್ಲ ಮುಗಿದ ಮೇಲೆ ಕುತ್ತಿಗೆ ಮುರಿಯುವುದೂ ನನ್ನ ಪಾಲಿಗೇ. ನನ್ನ ಕೈಗೆ ಸಿಕ್ಕಿದ್ದು ಒದ್ದಾಡುವುದಿಲ್ಲ ಎಂದು ಅಲ್ಲಿ ನನಗೆ ಒಳ್ಳೆಯ ಹೆಸರು. ಥೂ, ಅಂಥ ಹೆಸರಿಗಿಷ್ಟು.

ಸೀಸೆಗಳ ಮೇಲೆ ಕಂಪನಿಯ ಹೆಸರಿರುವುದಿಲ್ಲ, ಬರೀ ನಂಬರು. ಆದರೆ ವಾಸನೆಯನ್ನು ಮುಚ್ಚಿಡಲು ಅವರಿಂದಲೂ ಆಗಿರಲಿಲ್ಲ. ಅಲ್ಲಿ ಮೂಗಿಗೆ ಬಡಿದದ್ದು ತಂಗಿಯ ಅಂಗಡಿಯಲ್ಲಿ ಮತ್ತೆ ಬಡಿದರೆ ನಾನು ತಲೆಯಾಡಿಸಿಬಿಡುತ್ತಿದ್ದೆ. ಇಷ್ಟೇ ನನ್ನ ವಿದ್ಯೆ.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎಂಬ ಭಯ. ಅಪ್ಪ, ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವಳಿಗೆ ಹದಿಮೂರು. ಅವಳು ಉಂಡದ್ದು, ಉಟ್ಟದ್ದು, ಓದಿದ್ದು, ಅಂಗಡಿಗೆ ಕೊಟ್ಟ ಮುಂಗಡ ಎಲ್ಲವೂ ಆ ಮೂರನೇ ಮಹಡಿಯಿಂದ ಬಂದದ್ದು. ನನಗೆ ಈ ಭೂಮಿಯ ಮೇಲೆ ಇನ್ಯಾರೂ ಇಲ್ಲ. ಅವಳನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಅವಳ ಅಂಗಡಿ ಎಂದರೆ ಒಂದು ಶಟರಿನ ಕೋಣೆ. ಗೋಡೆಗೆ ಒರಗಿಸಿದ ನಲ್ಲಿಯಿರುವ ಡ್ರಮ್ಮುಗಳು, ತೂಕದ ಯಂತ್ರ, ಸ್ಟೀಲಿನ ಅಳತೆಯ ಜಗ್ಗು. ಜನ ತಮ್ಮ ಹಳೇ ಬಾಟಲಿ ತಂದು ತುಂಬಿಸಿಕೊಂಡು ಹೋಗಬೇಕು. ಶಾಲೆ ಮುಗಿಸಿ ನಾಲ್ಕು ವರ್ಷ ಅವಳು ಆಫೀಸುಗಳ ಕಕ್ಕಸು ತೊಳೆದಿದ್ದಳು. ಅಂಗೈ ಚರ್ಮ ಸುಲಿದು ರಕ್ತ ಬರುತ್ತಿತ್ತು. ಹಾಗಾಗಿ ಕ್ಲೀನಿಂಗ್ ಕೆಲಸದ ಹೆಂಗಸರು ಬಂದರೆ ಅವಳಿಗೆ ಎಲ್ಲಿಲ್ಲದ ಮಾತು.

"ನೆಲಕ್ಕೊಂದು, ಸಿಂಕಿಗೊಂದು, ಗಾಜಿಗೊಂದು ಅಂತ ಮೂರು ಬಾಟ್ಲಿ ಯಾಕಕ್ಕಾ? ಗಾಜಿಗೆ ನೀರು, ಒಂಚೂರು ವಿನೆಗರ್ ಸಾಕು. ಸಿಂಕಿಗೆ ಅಡುಗೆ ಸೋಡಾ ಉಜ್ಜಿ. ಉಳಿದ ದುಡ್ಡಲ್ಲಿ ಒಳ್ಳೇ ಶಾಂಪೂ ತಗೊಳ್ಳಿ. ಮೊಲದ ಚಿತ್ರ ಇದ್ದಿದ್ದೆಲ್ಲ ನಂಬಬೇಡಿ, ಚಿತ್ರ ಯಾರು ಬೇಕಾದ್ರೂ ಬರೀತಾರೆ. ನಮ್ಮಕ್ಕ ಮೂಸಿದ್ದು ಮಾತ್ರ ನಂಬಿ."

ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ದಯೆ ಅನ್ನುವುದು ಕಾರಿನಲ್ಲಿ ಬರುವವರ ಸ್ವತ್ತಾಗಬಾರದು, ಬಸ್ಸಿನಲ್ಲಿ ಬರುವವರಿಗೂ ಎಟುಕಬೇಕು ಎಂಬುದು ಅವಳ ಹಟ. ಅವಳು ಹಾಗೆ ಹೇಳುವಾಗ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು, ಮರುಕ್ಷಣವೇ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

ಅವಳಿಗೆ ಮಾಲು ತಂದುಕೊಡುವವರಲ್ಲಿ ಒಬ್ಬನನ್ನು ನಾವು ಡ್ರಮ್ಮು ಎಂದೇ ಕರೆಯುತ್ತಿದ್ದೆವು. ಆಕಾರವೂ ಹಾಗೇ, ಬಾಯಿ ತೆರೆದರೆ ಸದ್ದೂ ಹಾಗೇ. ಒಂದು ಶನಿವಾರ ಸಂಜೆ ಅವನು ನಿಂಬೆ ಬಣ್ಣದ ಲಿಕ್ವಿಡ್ಡಿನ ದೊಡ್ಡ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದ. ಬೇರೆಯವರ ಅರ್ಧ ಬೆಲೆಗೆ ಕೊಡುತ್ತೇನೆ ಎಂದ. ಜೊತೆಗೊಂದು ಕಾಗದ: 'ನಮ್ಮ ಕಂಪನಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ.' ತಂಗಿಯ ಮುಖ ಅರಳಿತು. ಎಂಬತ್ತು ಜನ ಕ್ಲೀನಿಂಗ್ ಹೆಂಗಸರ ಸಂಘವೊಂದು ಸೋಮವಾರ ಬಂದು ತಲೆಗೊಂದು ಬಾಟಲಿ ಒಯ್ಯುವುದಾಗಿ ಹೇಳಿತ್ತು. ಬೆಲೆ ಇಳಿಸಿದರೆ ಮಾತ್ರ.

ಅವನು ಹೋದ ಮೇಲೆ ಅವಳು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ನಿಂಬೆಯ ಅಡಿಯಲ್ಲಿ ಸುಟ್ಟ ರಬ್ಬರಿನ ಒಂದು ಎಳೆ. ನಲವತ್ತೊಂದನೇ ಸೀಸೆ. ಹಿಂದಿನ ತಿಂಗಳು ಅದಕ್ಕಾಗಿ ಆರು ಮೊಲ ಹಿಡಿದಿದ್ದೆ. ಎರಡಕ್ಕೆ ಕಣ್ಣು ಬೆಳ್ಳಗೆ ಬೆಂದ ಹಾಗಾಗಿ, ಮೂರನೇ ದಿನ ಗೂಡಿನ ಸರಳಿಗೆ ತಲೆ ಚಚ್ಚಿಕೊಳ್ಳುತ್ತಿದ್ದವು. ಕಾಗದದಲ್ಲಿದ್ದದ್ದು ಸುಳ್ಳೇನಲ್ಲ. ಕಂಪನಿ ಪರೀಕ್ಷೆ ಮಾಡಿರಲಿಲ್ಲ, ನಮ್ಮ ಕೈಯಲ್ಲಿ ಮಾಡಿಸಿತ್ತು.

"ಇದು ಬೇಡ," ಎಂದೆ.

"ಯಾಕೆ?"

ಮೊದಲ ಸಲ ಕೇಳಿದ್ದಳು. ವಾಸನೆ ಸರಿಯಿಲ್ಲ ಎಂದು ತೊದಲಿದೆ.

"ವಾಸನೆ ಸರಿಯಿಲ್ಲ ಅಂತ ಎಂಬತ್ತು ಜನರನ್ನ ವಾಪಸ್ ಕಳಿಸ್ಲಾ ಅಕ್ಕಾ? ಕಾಗದ ಇದೆ, ಬೆಲೆ ಇದೆ. ಕಾರಣ ಹೇಳು, ಬಿಡ್ತೀನಿ."

"ನಾನು ಹೇಳಿದ್ನಲ್ಲ, ಸಾಲ್ದಾ?"

"ಇವತ್ತು ಸಾಲ್ದು."

ಆ ರಾತ್ರಿ ಅವಳು ತಟ್ಟೆ ತೆಗೆದುಕೊಂಡು ಹೋಗಿ ಹೊಸ್ತಿಲ ಮೇಲೆ ಕೂತು ಉಂಡಳು.

ಭಾನುವಾರ ಬೆಳಿಗ್ಗೆ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅವಳು ಸಂಘದವರು ಮೊದಲೇ ಕಳಿಸಿದ್ದ ಹಳೇ ಬಾಟಲಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ತುಂಬುತ್ತಿದ್ದಳು. ತುಂಬಿದ್ದಕ್ಕೆಲ್ಲ ಮೊಲದ ಮುದ್ರೆ ಹಾಕಿಯಾಗಿತ್ತು. ಅದನ್ನು ನೋಡಿದ್ದೇ ನನ್ನ ಪಿತ್ತ ನೆತ್ತಿಗೇರಿತು. ಸಾಲನ್ನು ಕಾಲಿನಿಂದ ಒದ್ದೆ. ಬಾಟಲಿಗಳು ಉರುಳಿ ಒಡೆದವು. ಅವಳು ಅಡ್ಡ ಬಂದಳು, ಕೆನ್ನೆಗೆ ಬಾರಿಸಿದೆ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಎತ್ತಿದವಳಲ್ಲ ನಾನು. ಅವಳು ಕೆನ್ನೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ನಾನು ಹೋಗಿ ಡ್ರಮ್ಮಿನ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಹಳದಿ ದ್ರವ ನೊರೆಯೆದ್ದು ನೆಲದ ಮೇಲೆಲ್ಲ ಹರಿದು ಬಾಗಿಲು ದಾಟಿ ಚರಂಡಿಗೆ ಇಳಿಯತೊಡಗಿತು.

ಮಾಲಿನ ದುಡ್ಡಿಗೆಂದು ಆ ಡ್ರಮ್ಮು ಆಸಾಮಿ ಬಂದದ್ದು ಆಗಲೇ. ತನ್ನ ಮಾಲು ಬೀದಿ ಪಾಲಾಗುತ್ತಿರುವುದನ್ನು ಬಾಗಿಲಲ್ಲೇ ನಿಂತು ನೋಡಿದ. ನಿನ್ನೆ ಬೆಣ್ಣೆ ಹಚ್ಚಿದ ಹಾಗೆ ಮಾತಾಡಿದ್ದ ಬಾಯಿಯಿಂದ ಬಂದ ಬೈಗುಳವನ್ನು ನಾನಿಲ್ಲಿ ಬರೆಯುವುದಿಲ್ಲ. ನಲ್ಲಿ ತಿರುಗಿಸಿದವಳು ನಾನು, ಅವನು ಹಿಡಿದದ್ದು ಹತ್ತಿರದಲ್ಲಿ ಕೂತಿದ್ದ ತಂಗಿಯನ್ನು. ಜಡೆ ಹಿಡಿದು ಎಳೆದು ನಿಲ್ಲಿಸಿದ. "ಮಾಲು ಇಸ್ಕೊಂಡು ಆಟ ಆಡ್ತೀಯೇನೇ?" ಎಂದು ಅವಳ ತಲೆಯನ್ನು ಕಪಾಟಿಗೆ ಗುದ್ದಿದ. ಒಂದು ಸಲವಲ್ಲ, ಎರಡು ಸಲ. ಹಣೆ ಒಡೆದು ರಕ್ತ ಹುಬ್ಬಿನ ಮೇಲಿಂದ ಇಳಿಯಿತು.

ಆಮೇಲಿನದು ನನ್ನ ತಲೆ ಮಾಡಿದ್ದಲ್ಲ, ಕೈ ಮಾಡಿದ್ದು.

ಹಿಂದಿನಿಂದ ಹೋಗಿ ಅವನ ಮೊಣಕಾಲಿನ ಹಿಂಬದಿಗೆ ಒದ್ದೆ. ಸೋಪಿನ ನೆಲ, ದಪ್ಪ ಮೈ. ದೊಪ್ಪನೆ ಮಂಡಿಯೂರಿದ. ಕುತ್ತಿಗೆಯ ಹಿಂದಿನ ಚರ್ಮ ಹಿಡಿದೆ, ತಲೆಯನ್ನು ಕಂಕುಳಿಗೆ ಒತ್ತಿಕೊಂಡೆ. ಒದ್ದಾಡಿದ, ನನ್ನ ತೊಡೆಗೆ ಗುದ್ದಿದ, ಕಚ್ಚಿದ. ನಾನು ಅಲ್ಲಾಡಲಿಲ್ಲ. ಎಡಗಣ್ಣಿನ ಕೆಳರೆಪ್ಪೆ ಎಳೆದು, ಕೈಗೆ ಸಿಕ್ಕ ಬಾಟಲಿಯಿಂದ ಅದೇ ಹಳದಿ ದ್ರವವನ್ನು ಸುರಿದೆ. ರೆಪ್ಪೆ ಮುಚ್ಚಿ ಹಿಡಿದೆ. ಅವನು ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು.

ಅಲ್ಲಿಗೆ ಬಿಟ್ಟಿದ್ದರೆ ಅದೊಂದು ಜಗಳ. ಅಕ್ಕ ತಂಗಿಯನ್ನು ಉಳಿಸಿಕೊಂಡಳು ಎಂದು ನಾಲ್ಕು ಜನ ಹೊಗಳುತ್ತಿದ್ದರು. ನಾನು ಬಿಡಲಿಲ್ಲ. ಅವನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ರೆಪ್ಪೆ ಬಿಡಿಸಿ ನೋಡಿದೆ.

"ಎಡಗಣ್ಣು. ಕೆಂಪು ಎರಡು. ಊತ ಒಂದು. ನೀರು ಮೂರು. ಬರ್ಕೋ," ಎಂದೆ.

ಯಾರೂ ಬರೆದುಕೊಳ್ಳಲಿಲ್ಲ. ತಲೆಯೆತ್ತದೆ ಗದರಿಸಿದೆ: "ಬರ್ಕೊಂಡ್ಯೇನೇ? ಬಲಗಣ್ಣು ಮುಟ್ಟಬೇಡ, ಹೋಲಿಕೆಗೆ ಬೇಕು."

ಅಷ್ಟರಲ್ಲಿ ನನ್ನ ಬಲಗೈ ಅವನ ಗದ್ದದ ಕೆಳಗೆ ಸರಿದಿತ್ತು, ಹೆಬ್ಬೆರಳು ಕಿವಿಯ ಹಿಂದಿನ ಗುಳಿಗೆ ಹೋಗಿ ಕೂತಿತ್ತು. ಅಂಕ ಕೂಗಿದ ಮೇಲೆ ಮಾಡುವ ಕೆಲಸ ಅದೇ ತಾನೇ.

"ಅಕ್ಕಾ!"

ತಂಗಿ ಸ್ಟೀಲಿನ ಜಗ್ಗಿನಿಂದ ನನ್ನ ಮುಂಗೈಗೆ ಹೊಡೆದಳು. ನಾನು ಬಿಡಲಿಲ್ಲ. ಮತ್ತೆ ಹೊಡೆದಳು, ಮತ್ತೆ. ಮೂಳೆ ಲಟ್ಟೆಂದ ಸದ್ದು ನನಗೇ ಕೇಳಿಸಿತು. ಆಗ ಕೈ ಬಿಟ್ಟಿತು.

ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿಸಿ, ಗಡಿಯಾರ ನೋಡಿಕೊಂಡು ಕಾಲು ಗಂಟೆ ಕಣ್ಣಿಗೆ ನೀರು ಬಿಟ್ಟವಳು ಅವಳೇ. ತನ್ನ ಹಣೆಯ ರಕ್ತ ಕುತ್ತಿಗೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅವನ ಗಾಡಿಯ ಡ್ರೈವರ್ ಓಡಿಬಂದು, ಪೊಲೀಸರಿಗೆ ಹೇಳುತ್ತೇನೆ ಎಂದು ಗೋಳಾಡುತ್ತಿದ್ದವನನ್ನು ತೋಳು ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ತಂಗಿ ಶಟರು ಎಳೆದು ದೀಪ ಹಾಕಿದಳು.

"ಯಾವುದರ ಹೋಲಿಕೆ?" ಎಂದಳು.

ಸುಳ್ಳು ಹೇಳಲು ಬಾಯಿ ತೆರೆದೆ. ಒಂದೂ ಹುಟ್ಟಲಿಲ್ಲ. ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಲ್ಲ ಹೇಳಿದೆ. ಮೂರನೇ ಮಹಡಿ, ಗೂಡು, ಸೀಸೆ, ನಂಬರು, ಕುತ್ತಿಗೆ. ಹನ್ನೊಂದು ವರ್ಷ ಎಂದಾಗ ಅವಳು ಬೆರಳು ಮಡಚಿ ತನ್ನ ವಯಸ್ಸನ್ನು ಹಿಂದಕ್ಕೆ ಎಣಿಸಿದಳು.

"ಹಾಗಾದ್ರೆ ನೀನು ಪರವಾಗಿಲ್ಲ ಅಂದಿದ್ದು?"

"ಅದು ನಮ್ಮಲ್ಲಿಗೆ ಬಂದಿರ್ಲಿಲ್ಲ ಪುಟ್ಟಿ. ಆಣೆ ಮಾಡ್ತೀನಿ."

"ನಿಮ್ಮಲ್ಲಿಗೆ ಬರ್ಲಿಲ್ಲ. ಬೇರೆ ಕಡೆ ಹೋಗಿರಬಹುದಲ್ಲ? ನಿಮ್ಮದೊಂದೇನಾ ಇರೋದು?"

ಅದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನಮ್ಮ ಮಹಡಿಯಾಚೆಗೆ ಲೋಕವೇ ಇಲ್ಲ ಎನ್ನುವ ಹಾಗೆ ಬದುಕಿದ್ದೆ. ಅವಳು ಚಾಕು ತೆಗೆದುಕೊಂಡು ಕಪಾಟಿನ ಒಂದೊಂದೇ ಡಬ್ಬ, ಒಂದೊಂದೇ ಡ್ರಮ್ಮಿನ ಮೇಲಿನ ಮುದ್ರೆಯನ್ನು ಕೆರೆದು ಹಾಕಿದಳು. ನಡುವೆ ಒಮ್ಮೆ ಬಕೆಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ನಾನು ಬೆನ್ನು ಸವರಲು ಎದ್ದರೆ ಚಾಕು ತೋರಿಸಿದಳು. ನಾನು ಕೂತೆ.

ಕೊನೆಯ ಡಬ್ಬ ಮುಗಿದ ಮೇಲೆ ನನ್ನ ಮುಂದೆ ಬಂದು ಮಂಡಿಯೂರಿದಳು. ಬಗ್ಗಿ ತಲೆಯನ್ನು ನನ್ನ ಸರಿಯಿದ್ದ ಕೈಯ ಕಂಕುಳಲ್ಲಿ ಇಟ್ಟಳು.

"ಹಿಡಿ."

"ಬೇಡ ಪುಟ್ಟಿ. ನಿನ್ನ ದಮ್ಮಯ್ಯ."

"ಅದನ್ನ ಮಾಡಿ ತಾನೇ ನನ್ನ ಸಾಕಿದ್ದು? ಹೇಗೆ ಅಂತ ನಂಗೂ ಗೊತ್ತಾಗ್ಲಿ. ಹಿಡಿ ಅಂದೆ."

ಹಿಡಿದೆ. ಅವಳ ಕುತ್ತಿಗೆಯ ಚರ್ಮ ಬೆವರಿನಿಂದ ಒದ್ದೆಯಾಗಿತ್ತು, ಕೆಳಗೆ ನಾಡಿ ಹಾರುತ್ತಿತ್ತು. ಎಷ್ಟು ಬಿಗಿ ಹಿಡಿಯಬೇಕು ಎಂದು ಯೋಚಿಸುವ ಮೊದಲೇ ಬೆರಳುಗಳು ಸರಿಯಾಗಿ ಕೂತುಬಿಟ್ಟವು. ಅವಳು ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಅವಳ ಉಸಿರು ನನ್ನ ಪಕ್ಕೆಗೆ ಬಿಸಿಯಾಗಿ ತಾಗುತ್ತಿತ್ತು.

"ಬಿಡು," ಎಂದಳು.

ಬಿಟ್ಟೆ. ಅವಳು ತಲೆಯೆತ್ತಿ, ಹಣೆಗೆ ಅಂಟಿದ ರಕ್ತದ ಕೂದಲನ್ನು ಸರಿಸಿಕೊಂಡು ನನ್ನ ಕಣ್ಣನ್ನೇ ನೋಡಿದಳು.

"ಅವಕ್ಕೆ ಮಾತು ಬಂದಿದ್ರೆ, ಬಿಡು ಅಂದಿದ್ರೆ, ಬಿಡ್ತಿದ್ಯಾ ಅಕ್ಕಾ?"

ಹೌದು ಎಂದು ಹೇಳಿದ್ದರೆ ಅವಳು ನನಗೆ ಉಳಿಯುತ್ತಿದ್ದಳೋ ಏನೋ. ಅವಳಿಗೂ ಅದೇ ಬೇಕಿತ್ತು, ಮುಖದಲ್ಲಿ ಕಾಣುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಸುಳ್ಳು ನಾಲಿಗೆಯ ತುದಿಯಲ್ಲೇ ಇದ್ದರೂ, ಅವಳು ಕೇಳಿದ್ದಕ್ಕೆ ನಾನು ನಿಜ ಹೇಳಿದೆ.

"ಇಲ್ಲ," ಎಂದೆ.

ಅವಳು ಎದ್ದು ಹೋಗಿ ಶಟರನ್ನು ನಾನು ಬಗ್ಗಿ ಹೊರಗೆ ಹೋಗಲು ಬೇಕಾದಷ್ಟು ಮಾತ್ರ ಎತ್ತಿ ಹಿಡಿದುಕೊಂಡು ನಿಂತಳು.